ಸೊಮಿರನ್ ಬೇವಾ ನೆಟ್ಟ ಹುಲ್ಲು

ಶಾಲಿಕ್ ಚರ್‌ನಲ್ಲಿ ಬೆಳಗಾಗುತ್ತಿದ್ದುದು ಕೋಳಿ ಕೂಗಿನಿಂದಲ್ಲ, ಸೊಮಿರನ್ ಬೇವಾಳ ಬೈಗುಳದಿಂದ. ನಮಾಜು ಮುಗಿಸಿ, ಪೊರಕೆ ಹಿಡಿದು ಅಂಗಳಕ್ಕಿಳಿದಳೆಂದರೆ ಅವಳ ಬಾಯಿಗೆ ಮೊದಲು ಬರುತ್ತಿದ್ದ ಹೆಸರು ಗೆಂದು ಶೇಖನದು.

"ಏ ಗೆಂದು, ನಿನ್ನ ದೋಣಿ ತೂತು ಬೀಳ! ನಿನ್ನ ಹಸುಗಳ ಕೆಚ್ಚಲು ಬತ್ತ! ನೀನು ಸತ್ರೆ ಹೂಳೋಕೆ ಒಣ ಮಣ್ಣು ಸಿಗದೆ ಹೋಗ!"

ಗೆಂದು ಶೇಖ್ ಇದ್ದದ್ದು ಎದುರಿನ ಚರ್‌ನಲ್ಲಿ. ನಡುವೆ ನದಿಯ ಒಂದು ಸಣ್ಣ ಕವಲು. ಗಾಳಿ ಆ ಕಡೆಗಿದ್ದ ದಿನ ಬೈಗುಳ ಒಂದಕ್ಷರ ಕೆಡದೆ ಅವನ ದೋಣಿಗಟ್ಟೆ ಮುಟ್ಟುತ್ತಿತ್ತು. ಅವನೇನು ಸುಮ್ಮನಿರುವ ಗಂಡಸಲ್ಲ. "ಮುದುಕಿ ಇನ್ನೂ ಬದುಕಿದಾಳೆ, ಧೈರ್ಯವಾಗಿ ಹತ್ರಪ್ಪ. ಅವಳ ಬೈಗುಳ ತಿಂದ ದೋಣಿ ಮುಳುಗಲ್ಲ" ಎಂದು ಗಿರಾಕಿಗಳನ್ನು ನಗಿಸುತ್ತಿದ್ದ. ಆ ನಗೆ ಈಚೆ ದಡಕ್ಕೆ ಕೇಳಿ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಅಸ್ಸಾಮಿನಲ್ಲಿ ಬ್ರಹ್ಮಪುತ್ರ ಎನಿಸಿಕೊಂಡು, ನಮ್ಮ ಬಾಂಗ್ಲಾದೇಶಕ್ಕಿಳಿದ ಮೇಲೆ ಜಮುನಾ ಆಗುವ ಈ ನೀರಿಗೆ ಒಂದೇ ಹಾದಿ ಎಂಬುದಿಲ್ಲ. ಹತ್ತು ಕವಲಾಗಿ ಹೋಗುತ್ತದೆ, ಕವಲುಗಳ ನಡುವೆ ಮರಳನ್ನು ಉಗುಳಿ ದಿಬ್ಬ ಮಾಡುತ್ತದೆ, ಮನಸ್ಸು ಕೆಟ್ಟರೆ ಅದೇ ದಿಬ್ಬವನ್ನು ನುಂಗುತ್ತದೆ. ಆ ದಿಬ್ಬವೇ ಚರ್. ಅದರ ಮೇಲೆ ನಾವು ಮನೆ ಕಟ್ಟುತ್ತೇವೆ, ಮೆಣಸಿನಕಾಯಿ ಬೆಳೆಯುತ್ತೇವೆ, ಮಕ್ಕಳನ್ನು ಹೆರುತ್ತೇವೆ. ಪಟ್ಟಣದವರು ನಮ್ಮನ್ನು ಚರುವಾಗಳು ಎನ್ನುತ್ತಾರೆ, ಮೂಗು ಮುರಿದುಕೊಂಡೇ ಎನ್ನುತ್ತಾರೆ. ನಮ್ಮ ಮೆಣಸಿನಕಾಯಿಯ ಮೇಲೆ ಮಾತ್ರ ಅವರಿಗೆ ಕೋಪವಿಲ್ಲ.

ಸೊಮಿರನ್ ಹುಟ್ಟಿದ ಚರ್ ಈಗಿಲ್ಲ. ಮದುವೆಯಾಗಿ ಹೋದ ಚರ್ ಕೂಡ ಇಲ್ಲ. ಮನೆ ಕಳಚಿ ತಗಡು, ಕಂಬ, ಚಾಪೆ ಹೊತ್ತದ್ದು ಎಷ್ಟು ಸಲವೆಂದು ಕೇಳಿದರೆ, "ನಿನ್ನ ತಲೇಲಿ ಕೂದಲೆಷ್ಟಿವೆ, ಮೊದಲು ಅದನ್ನ ಹೇಳು" ಎನ್ನುತ್ತಿದ್ದಳು. ಈಗ ಮಂಡಲ್ ಮನೆಯವರ ಅಂಗಳದ ಮೂಲೆಯಲ್ಲಿ ಒಂದು ಗುಡಿಸಲು ಹಾಕಿಕೊಂಡು ಉಠುಲಿಯಾಗಿದ್ದಳು. ನೆಲ ಕಳೆದುಕೊಂಡವರು ಇನ್ನೊಬ್ಬರ ನೆಲದ ಮೇಲೆ ಅವರ ದಯೆಯಿಂದ ಬದುಕಿದರೆ ಅವರನ್ನು ಉಠುಲಿ ಎನ್ನುತ್ತೇವೆ. ಉಠುಲಿ ಸುಗ್ಗಿಯಲ್ಲಿ ನೆಲದೊಡೆಯನ ಹೊಲಕ್ಕೆ ಬಿಟ್ಟಿ ದುಡಿಯಬೇಕು, ತಗ್ಗಿ ನಡೆಯಬೇಕು, ದನಿ ಏರಿಸಬಾರದು. ಸೊಮಿರನ್ ದುಡಿಯುತ್ತಿದ್ದಳು, ತಗ್ಗುವುದು ಅವಳ ಜಾತಕದಲ್ಲೇ ಇರಲಿಲ್ಲ. ಮಂಡಲ್ ಮನೆಯ ಸೊಸೆಯರು ಅವಳಿಗೆ ಹೆದರಿ ಬಾವಿಗಟ್ಟೆಯಿಂದ ಬೇಗ ಎದ್ದು ಹೋಗುತ್ತಿದ್ದರು.

ಗೆಂದುವಿನ ಮೇಲಿನ ದ್ವೇಷ ಇಂದು ನಿನ್ನೆಯದಲ್ಲ. ಹಳೆಯ ಚರ್ ಒಡೆದ ದಿನ ಇಡೀ ಊರಿಗೆ ಇದ್ದ ದೊಡ್ಡ ದೋಣಿ ಗೆಂದುವಿನದೊಂದೇ. ಅವನು ಮೊದಲು ತನ್ನ ಹಸುಗಳನ್ನು ಹತ್ತಿಸಿದ. "ಇದೋ ಬಂದೆ, ಒಂದೇ ಸುತ್ತು" ಎಂದು ಹೇಳಿ ಹೋದ. ಸೊಮಿರನ್‌ಳ ಗಂಡ ಬಾಹಾರ್ ಅಷ್ಟರಲ್ಲಿ ಮನೆಯ ಕೊನೆಯ ಕಂಬ ಕೀಳುತ್ತಿದ್ದ. ಕಂಬ ಬರುವ ಮೊದಲು ದಡ ಹೋಯಿತು, ದಡದ ಜೊತೆ ಬಾಹಾರ್ ಹೋದ. ಗೆಂದು ಹಿಂತಿರುಗಿದಾಗ ಸೊಮಿರನ್ ತಗಡಿನ ರಾಶಿಯ ಮೇಲೆ ಕೂತಿದ್ದಳು, ಮಗಳು ಮೊರ್ಜಿನಾ ಸೊಂಟದಲ್ಲಿದ್ದಳು. ಬೇವಾ, ಎಂದರೆ ವಿಧವೆ, ಎಂಬುದು ಅವಳ ಹೆಸರಿಗೆ ಅಂಟಿದ್ದು ಆಗಲೇ. ಆ ದಿನದಿಂದ ಅವಳು ಗೆಂದುವಿನ ದೋಣಿ ಹತ್ತಿರಲಿಲ್ಲ. ಸಂತೆಗೆ ಹೋಗಬೇಕಾದರೆ ಅರ್ಧ ದಿನ ಸುತ್ತಿ ಬೇರೆ ದೋಣಿಗಟ್ಟೆಯಿಂದ ಹೋಗುತ್ತಿದ್ದಳು. ಹಸುವಿನ ಪ್ರಾಣಕ್ಕಿಂತ ಮನುಷ್ಯನ ಪ್ರಾಣ ಕಡಿಮೆಯೆಂದು ಎಣಿಸಿದವನ ಅನ್ನ ಕೆಡಲಿ ಎಂಬುದೊಂದೇ ಅವಳ ಹರಕೆ.

ದೇವರು ಹರಕೆ ಕೇಳಿಸಿಕೊಳ್ಳುವ ಲಕ್ಷಣ ಕಾಣದೆ, ಕೊನೆಗೆ ಅವಳೇ ಕೈ ಹಾಕಿದಳು.

ನಮ್ಮಲ್ಲಿ ನೆಲ ಬೇಕಾದವರು ಕಾಶದ ಹುಲ್ಲು ನೆಡುತ್ತಾರೆ. ಕಾರ್ತಿಕದಲ್ಲಿ ನೀರು ಇಳಿಯುವಾಗ ಹುಲ್ಲಿನ ಗಡ್ಡೆಗಳನ್ನು ಕಿತ್ತು ತಂದು, ತಮ್ಮ ದಡದ ಹಸಿ ಮರಳಿಗೆ ಹಗ್ಗ ಹಿಡಿದು ಸಾಲಾಗಿ ಒತ್ತುತ್ತಾರೆ. ಮರುವರ್ಷದ ನೆರೆಯಲ್ಲಿ ನೀರು ಹುಲ್ಲಿಗೆ ತಾಗಿ ಮೆತ್ತಗಾಗುತ್ತದೆ, ಹೊತ್ತು ತಂದ ಮಣ್ಣನ್ನು ಅಲ್ಲೇ ಇಳಿಸಿ ಹೋಗುತ್ತದೆ. ಇನ್ನೊಂದೆರಡು ನೆರೆಗೆ ಆ ಜಾಗ ಹೊಲವಾಗುತ್ತದೆ. ತಾತ ಮುತ್ತಾತರ ಕಾಲದಿಂದ ಎಲ್ಲರೂ ಹೊಟ್ಟೆಪಾಡಿಗೆ ಮಾಡಿದ ಕೆಲಸ. ಹೊಟ್ಟೆಕಿಚ್ಚಿಗೆ ಮಾಡಿದವಳು ಸೊಮಿರನ್ ಒಬ್ಬಳೇ.

ಅವಳು ತನ್ನ ದಡದಲ್ಲಿ ನೆಡಲಿಲ್ಲ. ನಡುವಿನ ಸಣ್ಣ ಕವಲು ದೊಡ್ಡ ನೀರಿನಿಂದ ಒಡೆದು ಬರುತ್ತಿದ್ದ ಬಾಯಲ್ಲಿ ನೆಟ್ಟಳು. ಆ ಕವಲಿಗೆ ಹೂಳು ತುಂಬಿದರೆ ಗೆಂದುವಿನ ದೋಣಿಗಟ್ಟೆಗೆ ನೀರಿಲ್ಲ. ನೀರಿಲ್ಲದ ಕಟ್ಟೆಯಲ್ಲಿ ದೋಣಿ ಇಟ್ಟುಕೊಂಡು ಅವನು ಉಪ್ಪಿನಕಾಯಿ ಹಾಕಲಿ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಯಾರೂ ಬಾರದ ಆ ಮೂಲೆಯಲ್ಲಿ ದಿನಾ ಮಧ್ಯಾಹ್ನ, ಜನ ಊಟ ಮಾಡಿ ಅಡ್ಡಾಗುವ ಹೊತ್ತಿಗೆ, ಮೊಣಕಾಲು ಕೆಸರಲ್ಲಿ ಬಗ್ಗಿ ಸಾಲು ಮೇಲೆ ಸಾಲು ಒತ್ತಿದಳು. ಹಗ್ಗ ಹಿಡಿದೇ ಒತ್ತಿದಳು. ಕೆಲಸದಲ್ಲಿ ಅವಳಿಗೆ ಸೊಟ್ಟಗಿದ್ದರೆ ಆಗುತ್ತಿರಲಿಲ್ಲ.

ಚರ್‌ನ ಪೂರ್ವದ ತುದಿಯಲ್ಲಿ ಮೊರ್ಜಿನಾಳ ಮನೆ. ಗಂಡ ಢಾಕಾದಲ್ಲಿ ರಿಕ್ಷಾ ತುಳಿಯುತ್ತಿದ್ದ, ಇವಳು ಎರಡು ಹಸು, ಒಬ್ಬಳು ಮಗಳು, ಒಂದಿಷ್ಟು ಮೆಣಸಿನಕಾಯಿ ಹೊಲ ನೋಡಿಕೊಂಡಿದ್ದಳು. ಅವಳ ಮನೆಯ ಹಿಂದೆ ಹರಿಯುತ್ತಿದ್ದ ಪೂರ್ವದ ಕವಲು ಶುದ್ಧ ಸೋಮಾರಿ, ಎಮ್ಮೆ ಮಲಗಿದ ಹಾಗೆ ಬಿದ್ದಿರುತ್ತಿತ್ತು.

ಒಂದು ದಿನ ತಾಯಿಯ ಸೀರೆ ನೋಡಿ ಮೊರ್ಜಿನಾ ಕೇಳಿದಳು. "ಎಲ್ಲಿಗೆ ಹೋಗಿದ್ಯಮ್ಮಾ, ಸೊಂಟದ ತನಕ ಕೆಸರು?"

"ನಿನ್ನ ಹಸುಗಳಿಗೆ ಮೇವು ನೋಡೋಕೆ."

"ಮೇವೆಲ್ಲಿ?"

"ಸಿಗಲಿಲ್ಲ. ಪ್ರಶ್ನೆ ಕೇಳೋದು ಬಿಟ್ಟು ಪಾಂತಾ ಬಡಿಸು, ಹಸಿವಾಗ್ತಿದೆ."

ಮೊರ್ಜಿನಾ ನೀರಲ್ಲಿ ನೆನೆದ ಹುಳಿ ಅನ್ನ, ಸುಟ್ಟ ಮೆಣಸಿನಕಾಯಿ ಇಟ್ಟಳು. ಸೊಮಿರನ್ ಆ ದಿನ ಎರಡು ಸಲ ಬಡಿಸಿಕೊಂಡು ಉಂಡಳು.

ಮೊದಲ ನೆರೆಗೇ ಹುಲ್ಲು ಕಚ್ಚಿಕೊಂಡಿತು. ನೀರು ಇಳಿದಾಗ ಕವಲಿನ ಬಾಯಲ್ಲಿ ಮೊಣಕಾಲುದ್ದ ಮಣ್ಣು ನಿಂತಿತ್ತು. ಮಾಘದ ಹೊತ್ತಿಗೆ ಗೆಂದುವಿನ ದೋಣಿ ಕಟ್ಟೆ ತಲುಪದೆ, ಗಿರಾಕಿಗಳು ಚಪ್ಪಲಿ ಕೈಲಿ ಹಿಡಿದು ಕೆಸರಲ್ಲಿ ನಡೆಯುವಂತಾಯಿತು. ಮುಂದಿನ ಚಳಿಗಾಲಕ್ಕೆ ದೋಣಿಯನ್ನು ದಡಕ್ಕೆಳೆದು ಮಗುಚಿ ಹಾಕಿದ. ಸೊಮಿರನ್ ಅಂಗಳದಲ್ಲಿ ನಿಂತು ಅದನ್ನು ಕಣ್ತುಂಬ ನೋಡಿದಳು. ಸಂತೋಷವಾಯಿತು ಎಂದು ಹೇಳಲು ಅವಳಿಗೆ ನಾಚಿಕೆಯೇನೂ ಇರಲಿಲ್ಲ, ಹೇಳಿಕೊಳ್ಳಲು ಮಾತ್ರ ಯಾರೂ ಇರಲಿಲ್ಲ.

ಅದೇ ಚಳಿಗಾಲದಲ್ಲಿ ನದಿಯ ಮೇಲ್ಭಾಗದಲ್ಲಿ, ಪಶ್ಚಿಮದ ದಡದ ಪಟ್ಟಣ ಉಳಿಸಲೆಂದು, ನೀರಿನ ಆಫೀಸಿನವರು ನದಿಯೊಳಕ್ಕೆ ಉದ್ದನೆಯ ಕಲ್ಲಿನ ಒಡ್ಡು ಚಾಚಿದರು. ಲಾರಿಗಟ್ಟಲೆ ಕಲ್ಲು, ಹಗಲಿರುಳು ಯಂತ್ರ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ. ಪಟ್ಟಣದ ಕಡೆಗೆ ಬರುತ್ತಿದ್ದ ನೀರಿಗೆ ಕಲ್ಲು ತೋರಿಸಿ "ಅತ್ತ ಹೋಗು" ಎಂದರು, ಅತ್ತ ಎಂದರೆ ನಾವು. ಆ ವರ್ಷ ಕಾಲವೂ ಕೆಟ್ಟಿತು. ಆಷಾಢಕ್ಕೆ ಬರಬೇಕಾದ ನೀರು ಜ್ಯೇಷ್ಠದಲ್ಲೇ ಬಂತು. ಬಂದು ಹೋಯಿತೆಂದು ಜನ ಭತ್ತದ ಸಸಿ ನಾಟಿ ಮಾಡಿದರು. ಆಶ್ವಯುಜದಲ್ಲಿ, ಆಕಾಶ ತಿಳಿಯಾಗಬೇಕಾದ ಹೊತ್ತಿನಲ್ಲಿ, ಮೇಲೆಲ್ಲೋ ಒಂದು ತಿಂಗಳ ಮಳೆ ಒಂದೇ ವಾರದಲ್ಲಿ ಸುರಿದು ನೀರು ಮತ್ತೆ ಬಂತು.

ಹಿಂದಾಗಿದ್ದರೆ ಆ ನೀರು ಮೂರು ಕವಲಲ್ಲಿ ಹಂಚಿಕೊಂಡು ಹೋಗುತ್ತಿತ್ತು. ಈಗ ಪಶ್ಚಿಮದಲ್ಲಿ ಕಲ್ಲು, ನಡುವೆ ಹುಲ್ಲು. ಜಮುನೆಗೆ ಒಂದು ಬಾಯಿ ಮುಚ್ಚಿದರೆ ಇನ್ನೊಂದು ಬಾಯಿ ಅಗಲವಾಗುತ್ತದೆ. ಸೋಮಾರಿಯಾಗಿ ಬಿದ್ದಿದ್ದ ಪೂರ್ವದ ಕವಲು ಎದ್ದು ಕೂತಿತು.

ಮೊರ್ಜಿನಾಳ ಮೆಣಸಿನಕಾಯಿ ಹೊಲ ಎರಡು ದಿನದಲ್ಲಿ ಹೋಯಿತು. ಮೂರನೆಯ ದಿನ ದಡ ಅಂಗಳಕ್ಕೆ ಬಂತು. ಅಂಗಳದ ಅಂಚಿನಲ್ಲಿ, ಬಾಳೆ ಗುಂಪಿನ ಕೆಳಗೆ, ಅವಳ ಮೊದಲ ಮಗುವಿನ ಗೋರಿಯಿತ್ತು. ಎಂಟು ದಿನ ಬದುಕಿದ್ದ ಗಂಡು ಮಗು. ತಾಯಿ ಮಗಳಿಬ್ಬರೂ ತಗಡು ಬಿಚ್ಚುತ್ತಿರುವಾಗಲೇ ಬಾಳೆ ಗುಂಪು ನಿಂತ ನಿಲುವಿನಲ್ಲೇ ಜಾರಿ ನೀರಿಗಿಳಿಯಿತು. ಮೊರ್ಜಿನಾ ಕೈಲಿದ್ದ ಸುತ್ತಿಗೆ ಕೆಳಗಿಟ್ಟು, ದಡದ ಅಂಚಿಗೆ ಓಡಿದಳು. ಸೊಮಿರನ್ ಜಡೆ ಹಿಡಿದು ಎಳೆಯದಿದ್ದರೆ ಅವಳೂ ಹೋಗುತ್ತಿದ್ದಳು.

ನೀರು ಇಳಿದ ಮೇಲೆ ಆಫೀಸಿನವರು ಸ್ಪೀಡ್‌ಬೋಟಿನಲ್ಲಿ ನೋಡಲು ಬಂದರು. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಹಾಗೆ. ಎಳೆಯ ವಯಸ್ಸಿನ ಎಂಜಿನಿಯರ್ ಒಬ್ಬ ಬೋಟಿನಿಂದ ಇಳಿಯಲೇ ಇಲ್ಲ. ಜನ ನೀರಿಗಿಳಿದು ಬೋಟು ಸುತ್ತುವರಿದರು. ಎಲ್ಲರಿಗಿಂತ ಮುಂದೆ ಸೊಮಿರನ್.

"ನಿಮ್ಮ ಕಲ್ಲು ಪಟ್ಟಣಕ್ಕೆ, ನಿಮ್ಮ ನೀರು ನಮಗಾ? ನಿಮ್ಮಪ್ಪನ ಮನೆ ಅಂಗಳಕ್ಕೆ ತಿರುಗಿಸ್ಕೊಂಡು ಹೋಗೋ! ನನ್ನ ಮೊಮ್ಮಗನ ಮೂಳೆ ತಂದ್ಕೊಡು!"

"ಅಜ್ಜಿ, ಕೇಳಿ. ಒಡ್ಡು ಒಂದರಿಂದಲೇ ಅಲ್ಲ. ಮೇಲೆ ಹಿಮ ಬೇಗ ಕರಗ್ತಿದೆ, ಮಳೆಗೆ ಹಿಡಿತ ತಪ್ಪಿದೆ..."

"ಹಿಮದ ಮೇಲೆ ಹಾಕ್ತಾನೆ ನೋಡ್ರೋ!" ಎಂದು ಹಿಂದಿನಿಂದ ಯಾರೋ ಕೂಗಿದರು. "ಹಿಮಾಲಯಕ್ಕೆ ನೋಟೀಸ್ ಕೊಡ್ರಪ್ಪ!"

ಎಂಜಿನಿಯರನ ಮುಖ ಕೆಂಪಾಯಿತು. "ನಿಮ್ಮ ನಡುವಿನ ಕವಲು ತೆರೆದಿದ್ದಿದ್ರೆ ಅರ್ಧ ಅಲ್ದಿದ್ರೂ ಕಾಲು ಭಾಗ ನೀರು ಆ ಕಡೆ ಹೋಗ್ತಿತ್ತು. ಅಷ್ಟರಲ್ಲಿ ಪೂರ್ವದ ದಡ ನಿಲ್ತಿತ್ತೋ ಏನೋ. ಅದರ ಬಾಯಿಗೆ ಹೂಳು ಹಿಡಿದು ಮುಚ್ಚಿದೆ. ಅದು ನಮ್ಮ ಕೆಲಸ ಅಲ್ಲ."

ಜನ ಇನ್ನಷ್ಟು ಬೈದರು. ಕೆಸರು ಎಸೆದರು. ಬೋಟು ಹೊಗೆ ಬಿಟ್ಟು ಓಡಿತು. ಸೊಮಿರನ್ ಮಾತ್ರ ಕವಲಿನ ಮಾತು ಕೇಳಿದ ಮೇಲೆ ಬೈಯಲಿಲ್ಲ. ಮಂಡಲ್ ಮನೆಯ ಹಿರಿ ಸೊಸೆಗೆ ಅದು ಆಶ್ಚರ್ಯವಾಗಿ, "ಬೂಬೂ, ಹುಷಾರಿಲ್ವಾ?" ಎಂದು ಕೇಳಿದಳು.

ಮೊರ್ಜಿನಾಳ ಮನೆ ಈಗ ತಗಡಿನ ರಾಶಿಯಾಗಿ ಮಂಡಲ್ ಮನೆಯ ಬೇಲಿಯ ಹೊರಗೆ ಬಿದ್ದಿತ್ತು. ಅಲ್ಲಿ ಇನ್ನೊಂದು ಗುಡಿಸಲಿಗೆ ಜಾಗವಿರಲಿಲ್ಲ. ಪಟ್ಟಣದ ದಡದ ಏರಿಯ ಮೇಲೆ ಹೋಗಿ ಕೂತರೆ ಚರುವಾ ಎಂದು ಉಗಿಸಿಕೊಳ್ಳಬೇಕು, ಹಸುಗಳಿಗೆ ಹಿಡಿ ಹುಲ್ಲಿಲ್ಲ. ಶಾಲಿಕ್ ಚರ್‌ನಲ್ಲಿ ಉಳಿದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಸುತ್ತಲೂ ನೀರಿಗೆ ಹೆದರದ ಖಾಲಿ ನೆಲ ಎಂದರೆ ಒಂದೇ ಇತ್ತು. ನಡುವಿನ ಕವಲಿನ ಬಾಯಲ್ಲಿ ಎದ್ದ ಹೊಸ ದಿಬ್ಬ. ಆಶ್ವಯುಜದ ನೆರೆ ಅದನ್ನು ಆಳೆತ್ತರ ಮಾಡಿ, ಎದುರಿನ ಚರ್‌ಗೆ ಅಂಟಿಸಿ ಹೋಗಿತ್ತು. ದಡಕ್ಕೆ ಅಂಟಿದ ಮಣ್ಣು ದಡದವನದು ಎಂಬುದು ನಮ್ಮಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಹುಲ್ಲು ಒತ್ತುವಾಗ ಸೊಮಿರನ್‌ಗೆ ಮಾತ್ರ ಅದು ಹೊಳೆದಿರಲಿಲ್ಲ. ಅವಳು ನೀರು ಕಸಿಯಲು ಹೊರಟಿದ್ದಳು, ನೆಲ ಕೊಟ್ಟು ಬಂದಿದ್ದಳು.

"ಗೆಂದು ಚಾಚಾನ ಹೊಸ ಮಣ್ಣಿದೆ," ಎಂದಳು ಮೊರ್ಜಿನಾ. "ಹೋಗಿ ಕೇಳು."

"ಅವನನ್ನಾ? ನಾಲಿಗೆ ಕತ್ತರಿಸಿಕೊಂಡೇನು."

"ಕತ್ತರಿಸ್ಕೋ. ಆದ್ರೆ ಕೇಳಿದ ಮೇಲೆ ಕತ್ತರಿಸ್ಕೋ. ಮನೆ ಹಿರಿಯರು ಕೇಳ್ಬೇಕು ಅಂತ ಪದ್ಧತಿ ಇಲ್ಲದಿದ್ರೆ ನಾನೇ ಹೋಗ್ತಿದ್ದೆ. ನಿನ್ನ ಜಗಳ ಹೊದ್ದು ಮಲಗೋಕೆ ಆಗಲ್ಲಮ್ಮಾ, ಮಗು ಕೆಮ್ಮುತ್ತಿದೆ."

ಸೊಮಿರನ್ ಹೋದಳು. ಗೆಂದು ಹೊಸ ನೆಲದಲ್ಲಿ ಕೂತು, ನೆಲಗಡಲೆ ಬಿತ್ತಲು ಮಣ್ಣಿನ ಹದ ನೋಡುತ್ತಿದ್ದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಇಷ್ಟು ಹತ್ತಿರದಿಂದ ಅವನನ್ನು ನೋಡಿ ಅವಳಿಗೆ ಎಷ್ಟೋ ಕಾಲವಾಗಿತ್ತು.

"ಓಹೋ ಭಾಬಿ! ಅಲ್ಲಿಂದ ಬೈದ್ರೆ ಗಂಟಲು ಸಾಲ್ದೆ ಇಲ್ಲಿಗೇ ಬಂದ್ಯಾ?"

"ಕೇಳೋಕೆ ಬಂದಿದೀನಿ. ಮೊರ್ಜಿನಾಗೆ ಒಂದು ಗುಡಿಸಲಿನ ಜಾಗ ಬೇಕು."

"ನಿನಗೆ ಬೇಡ್ವಾ?"

"ನನ್ನ ಹೆಣಕ್ಕೂ ನಿನ್ನ ಮಣ್ಣು ಬೇಡ."

"ಕೇಳೋಕೆ ಬಂದೋರ ಬಾಯಿ ನೋಡು," ಎಂದು ಗೆಂದು ನಕ್ಕ. ಕೈಯ ಮಣ್ಣು ಕೊಡವಿ ನೆಟ್ಟಗೆ ಕೂತ. "ಕೊಡ್ತೀನಿ. ಸುಗ್ಗೀಲಿ ಬಿಟ್ಟಿ ದುಡಿಯೋದೂ ಬೇಡ. ಒಂದೇ ಮಾತು. ಈ ಮಣ್ಣು ಯಾರ ಕೈಯಿಂದ ಬಂತು ಅಂತ ನಿನ್ನ ಮಗಳಿಗೆ ನೀನೇ ಹೇಳ್ಬೇಕು."

"ಯಾರ ಕೈ? ಜಮುನೆ ತಂದದ್ದು. ಪಟ್ಟಣದೋರ ಕಲ್ಲು ತಂದದ್ದು."

"ಜಮುನೆ ಹಗ್ಗ ಹಿಡಿದು ಹುಲ್ಲು ನೆಡ್ತಾಳಾ ಭಾಬಿ? ಸಾಲು ನೋಡಿದ ದಿನವೇ ಗೊತ್ತಾಯ್ತು. ಇಷ್ಟು ನೆಟ್ಟಗೆ ನೆಡೋರು ಈ ಎರಡೂ ಚರ್‌ನಲ್ಲಿ ಇನ್ಯಾರಿದಾರೆ?"

ಸೊಮಿರನ್‌ಳ ಬಾಯಿಂದ ವಿಷವೇ ಹೊರಟಿತು. "ಗೊತ್ತಿದ್ದೂ ಕೀಳಲಿಲ್ಲ ಯಾಕೆ? ನೆಲದ ಆಸೆ! ಹಸುವಿನ ಆಸೆ ಆಯ್ತು, ಈಗ ನೆಲದ್ದು!"

"ಹೌದು," ಎಂದ ಗೆಂದು. "ಕೀಳೋಣ ಅಂತ ಗುದ್ದಲಿ ತಗೊಂಡೇ ಹೋಗಿದ್ದೆ. ಕಾಲಡಿ ಹೊಸ ಮಣ್ಣು ಮೆತ್ತಗೆ ಸಿಕ್ತು. ದೋಣಿ ಹೋದ್ರೆ ಹೋಗ್ಲಿ, ನೆಲ ಬರ್ತಿದೆ ಅನ್ನಿಸ್ತು. ಗುದ್ದಲಿ ಹೆಗಲಿಗೆ ಹಾಕ್ಕೊಂಡು ವಾಪಸ್ ಬಂದೆ. ಆ ಕಡೆ ಯಾರ ಮನೆ ಹೋಗುತ್ತೆ ಅಂತ ನಾನೂ ಯೋಚ್ನೆ ಮಾಡ್ಲಿಲ್ಲ. ನನ್ನ ಪಾಲು ನಾನು ಮೊರ್ಜಿನಾ ಹತ್ರ ಹೇಳ್ತೀನಿ. ನಿನ್ನ ಪಾಲು ನೀನು ಹೇಳು."

"ಬಾಹಾರ್ ಸತ್ತ ದಿನದ ಪಾಲು?"

"ಅದನ್ನ ನೀನು ದಿನಾ ಬೆಳಗ್ಗೆ ಹೇಳ್ತಿದೀಯಲ್ಲ, ಊರಿಗೆಲ್ಲ ಗೊತ್ತು. ಹಸು ಮೊದಲು ಹತ್ತಿಸಿದೆ, ತಪ್ಪು ಮಾಡ್ದೆ. ಇದು ಮಾತ್ರ ಯಾರಿಗೂ ಗೊತ್ತಿಲ್ಲ." ಅವನು ಮತ್ತೆ ಮಣ್ಣಿಗೆ ಬಗ್ಗಿದ. "ಹೇಳದಿದ್ರೆ ಜಾಗ ಇಲ್ಲ. ಹೋಗು."

ಅವಳು ವಾಪಸು ಬರುವಾಗ ದಾರಿಯುದ್ದಕ್ಕೂ ಅವನನ್ನು ಶಪಿಸಿದಳು. ಸುಳ್ಳು ಹೇಳುವುದೇನೂ ಕಷ್ಟವಾಗಿರಲಿಲ್ಲ. ಇಡೀ ಊರು ಕಲ್ಲಿನ ಒಡ್ಡನ್ನು ಬೈಯುತ್ತಿತ್ತು, ಮೊರ್ಜಿನಾ ಕೂಡ. ಒಂದು ಹಿಡಿ ಹುಲ್ಲು ಜಮುನೆಯನ್ನು ತಿರುಗಿಸೀತೇ ಎಂದರೆ ಯಾರಾದರೂ ನಂಬುತ್ತಿದ್ದರು. ಅವಳೂ ನಂಬಲು ನೋಡಿದಳು. ಎಂಜಿನಿಯರನ ಕಾಲು ಭಾಗ ಎಂಬ ಮಾತು ಮಾತ್ರ ಹೋಗಲೊಲ್ಲದು. ಆ ಕಾಲು ಭಾಗದಲ್ಲಿ ಬಾಳೆ ಗುಂಪು ನಿಲ್ಲುತ್ತಿತ್ತೋ ಇಲ್ಲವೋ, ಯಾರಿಗೆ ಗೊತ್ತು? ಗೊತ್ತಿಲ್ಲದ್ದೇ ಅವಳನ್ನು ಕೊಂದಿತು.

ಆ ರಾತ್ರಿ ಮಗಳಿಗೆ ಜಾಗ ಸಿಗುತ್ತದೆ ಎಂದಷ್ಟೇ ಹೇಳಿದಳು. ಮರುದಿನ ಜನ ಸೇರಿ ಮೊರ್ಜಿನಾಳ ತಗಡು, ಕಂಬಗಳನ್ನು ಹೊತ್ತು ಹೊಸ ನೆಲಕ್ಕೆ ತಂದರು. ಮೊದಲ ಕಂಬಕ್ಕೆ ಗುಳಿ ತೋಡಿದ್ದಾಯಿತು. ಗೆಂದು ದೂರದಲ್ಲಿ ನಿಂತಿದ್ದ. ಕಂಬ ಇಳಿಸುವ ಮೊದಲು ಸೊಮಿರನ್ ಮಗಳ ಕೈ ಹಿಡಿದಳು.

"ಈ ಮಣ್ಣು ನಾನು ತಂದದ್ದು ಕಣೇ."

"ಏನು?"

"ಕವಲಿನ ಬಾಯಿಗೆ ಹುಲ್ಲು ನೆಟ್ಟೆ. ಇವನ ದೋಣಿ ಕೂರಲಿ ಅಂತ. ಕೂತ್ಕೊಂತು. ನೀರು ನಿನ್ನ ಕಡೆ ಬಂತು."

ಮೊರ್ಜಿನಾಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ತಾಯಿಯ ಕೆಸರು ಸೀರೆ, ಆ ದಿನ ಉಂಡ ಊಟ, ಎಲ್ಲ ಒಂದೊಂದಾಗಿ ನೆನಪಾಗುವುದು ಮುಖದ ಮೇಲೇ ಕಾಣುತ್ತಿತ್ತು. ಕೊನೆಗೆ ಅವಳು ಕೈ ಬಿಡಿಸಿಕೊಂಡಳು.

"ನಾನು ಜಮುನೆಗೆ ಶಾಪ ಹಾಕಿದೆ, ಆಫೀಸಿನೋರ ವಂಶಕ್ಕೆ ಹಾಕಿದೆ. ಹಾಕುವಾಗ ಪಕ್ಕದಲ್ಲೇ ಕೂತು ಆಮೀನ್ ಅಂದ್ಯಲ್ಲಮ್ಮಾ."

"ಅಂದೆ."

"ಕಂಬ ಹಿಡ್ಕೋ. ವಾಲ್ತಿದೆ."

ಸಂಜೆಯ ತನಕ ಇಬ್ಬರೂ ದುಡಿದರು. ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ. ತಗಡು ಏರಿತು, ಒಲೆ ಹೂಡಿದ್ದಾಯಿತು, ಮಗು ಒಳಗೆ ಮಲಗಿತು. ಗೆಂದು ಬಂದು ಬಾಗಿಲಲ್ಲಿ ನಿಂತು ತನ್ನ ಪಾಲು ಹೇಳಿ ಹೋದ. ಅವನಿಗೆ ಮೊರ್ಜಿನಾ, "ಚಾಚಾ, ಮಣೆ ಇದೆ, ಕೂತ್ಕೋ" ಎಂದಳು. ಅವನು ಕೂರಲಿಲ್ಲ.

ಆಮೇಲೆ ತಾಯಿಗೆ ಬಡಿಸಿದಳು. ಬಿಸಿ ಅನ್ನ, ಒಣ ಮೀನು. "ತಿಂದು ಹೋಗು," ಎಂದಳು. "ನಾನು ಕರೆಯೋ ತನಕ ಈ ಕಡೆ ಬರಬೇಡ."

"ಯಾವಾಗ ಕರೀತೀಯ?"

"ಗೊತ್ತಿಲ್ಲಮ್ಮಾ."

ಕರೆಯುತ್ತೇನೆ ಎಂದೂ ಅನ್ನಲಿಲ್ಲ, ಕರೆಯುವುದಿಲ್ಲ ಎಂದೂ ಅನ್ನಲಿಲ್ಲ. ಬೈದಿದ್ದರೆ ಸೊಮಿರನ್ ತಿರುಗಿ ಬೈಯುತ್ತಿದ್ದಳು, ಅದು ಅವಳಿಗೆ ಬರುವ ವಿದ್ಯೆ. ಈ ಮೆತ್ತನೆಯ ಮಾತಿಗೆ ಏನು ಮಾಡಬೇಕೆಂದು ತಿಳಿಯದೆ, ಅನ್ನ ಪೂರ್ತಿ ತಿಂದು, ತಟ್ಟೆ ತೊಳೆದಿಟ್ಟು ಬಂದಳು.

ಚಳಿ ಬಂತು. ಗೆಂದುವಿನ ನೆಲಗಡಲೆ ಹೊಸ ಮಣ್ಣಿನಲ್ಲಿ ಚೆನ್ನಾಗಿ ಹಬ್ಬಿತು. ಮಂಡಲ್ ಮನೆಯ ಆಡುಗಳು ಬೆಳಿಗ್ಗೆ ಒಣಗಿದ ಕವಲು ದಾಟಿ ಮೇಯಲು ಹೋಗಿ ಸಂಜೆ ತಾವಾಗಿ ಬರುತ್ತಿದ್ದವು. ಆಚೆಯಿಂದ ಮೊಮ್ಮಗಳು ಕೆಮ್ಮುವುದು ಈಚೆಗೆ ಕೇಳುತ್ತಿತ್ತು. ಸೊಮಿರನ್ ಬೇವಾ ದಡದ ತನಕ ಬಂದು ನಿಲ್ಲುತ್ತಿದ್ದಳು. ನಡುವೆ ಕಾಲು ನೆನೆಯುವಷ್ಟೂ ನೀರಿರಲಿಲ್ಲ. ಆದರೂ ಅವಳು ದಾಟಲಿಲ್ಲ.